ಗಾದಿ ಓಣಿಯ ಅರ್ಜಿ

ಕಸ್ತೂರಿ ಮೊದಲ ಸಲ ಗಾದಿ ಓಣಿಗೆ ಕಾಲಿಟ್ಟದ್ದು ಒಂದು ಬೇಸಿಗೆಯ ಮಧ್ಯಾಹ್ನ, ಏಳು ತಿಂಗಳ ಕೂಸನ್ನು ಕಂಕುಳಲ್ಲಿ ಎತ್ತಿಕೊಂಡು. ಶಹಾಪುರದ ದವಾಖಾನೆಗೆ ನರ್ಸಾಗಿ ವರ್ಗವಾಗಿ ಬಂದು ಹತ್ತು ದಿನವಾಗಿತ್ತು. ಗಂಡ ವಿಶ್ವರಾಧ್ಯ ಕೆಂಭಾವಿಯ ಹತ್ತಿರದ ಹಳ್ಳಿಯೊಂದರಲ್ಲಿ ಶಾಲೆಯ ಮಾಸ್ತರ. ಶನಿವಾರ ಸಂಜೆ ಬಂದು ಸೋಮವಾರ ನಸುಕಿಗೆ ಹೋಗುವವನು. ಗಂಡ ವಾರಕ್ಕೊಮ್ಮೆ ಬರುವ, ಹೊತ್ತಲ್ಲದ ಹೊತ್ತಿನಲ್ಲಿ ಡ್ಯೂಟಿಗೆ ಹೋಗುವ ಹೆಂಗಸಿಗೆ ಮನೆ ಬಾಡಿಗೆ ಕೊಡಲು ಮೂರು ಕಡೆ ಹಿಂದೆ ಮುಂದೆ ನೋಡಿದ್ದರು. ನಾಲ್ಕನೆಯದು ನಬಿಸಾಬರ ಮನೆ.

ಓಣಿಗೆ ಆ ಹೆಸರು ಬಂದದ್ದು ನಬಿಸಾಬರಂಥವರಿಂದಲೇ. ಒಂದು ಕಾಲಕ್ಕೆ ಅಲ್ಲಿ ಹನ್ನೆರಡು ಮನೆಯವರು ಅರಳೆ ಹಿಂಜಿ ಗಾದಿ ಹೊಲಿಯುತ್ತಿದ್ದರಂತೆ. ಕಸ್ತೂರಿ ಬರುವ ಹೊತ್ತಿಗೆ ಉಳಿದದ್ದು ಮೂರು ಮನೆ. ನಬಿಸಾಬರ ಮನೆಯ ಮುಂದಿನ ಕೋಣೆಯಲ್ಲಿ ಅರಳೆ ಹಿಂಜುವ ಮಷೀನು, ಅಂಗಳದಲ್ಲಿ ಹೊಲಿಗೆ, ಹಿಂದೆ ಅವರ ಸಂಸಾರ. ಪಕ್ಕದ ಎರಡು ಕೋಣೆ ಖಾಲಿ ಬಿದ್ದಿದ್ದವು.

"ಮಷೀನ್ ಸಪ್ಪಳ ಆಗ್ತದ ನೋಡ್ರಿ, ಸಿಸ್ಟರ್ ಬಾಯಾರ," ಎಂದು ನಬಿಸಾಬರು ಮೊದಲೇ ಹೇಳಿಬಿಟ್ಟರು. "ಮುಂಜಾನಿ ಒಂಬತ್ತರಿಂದ ಸಂಜಿ ಐದರ ತನಕ. ಅರಳಿ ಹಾರ್ತದ. ಆಮ್ಯಾಲ ನಮಗ ಬೈಬ್ಯಾಡ್ರಿ."

ಅಷ್ಟರಲ್ಲಿ ಒಳಗಿನಿಂದ ಬಂದ ಅವರ ಹೆಂಡತಿ ಸರ್ವರಬೇಗಂ ಒಂದು ಮಾತೂ ಕೇಳದೆ ಕಸ್ತೂರಿಯ ಕಂಕುಳಿನ ಕೂಸನ್ನು ಎತ್ತಿಕೊಂಡಳು. "ಕೂಸು ಬಿಸಲಿಗಿ ಕೆಂಪಗಾಗ್ಯಾದ. ನೀವು ಇನ್ನಾ ಬಾಡಗಿ ಮಾತಾಡ್ಲಾಕತ್ತೀರಿ," ಎಂದು ಗಂಡನನ್ನು ಗದರಿಸಿ, ಕೂಸನ್ನು ತಣ್ಣೀರಲ್ಲಿ ಒರೆಸಲು ಒಳಗೊಯ್ದಳು. ಮನೆ ಗೊತ್ತಾದದ್ದು ಹಾಗೆ.

ಆ ಕೂಸು ಭೂಮಿಕಾ ಬೆಳೆದದ್ದು ಆ ಅಂಗಳದಲ್ಲೇ. ಕಸ್ತೂರಿಗೆ ಬೆಳಗಿನ ಡ್ಯೂಟಿಯಿರಲಿ ರಾತ್ರಿಯದಿರಲಿ, ಕೂಸು ಸರ್ವರಬೇಗಂಳ ಮಗ್ಗುಲಲ್ಲಿ. ಆಗ ಐದನೆಯ ಇಯತ್ತೆಯಲ್ಲಿದ್ದ ಅವರ ಮಗಳು ಉಮೆಸಲ್ಮಾ ಕೂಸನ್ನು ಸೊಂಟದ ಮೇಲೆ ಹೊತ್ತು ಓಣಿ ತುಂಬ ತಿರುಗುವಳು. ಸಂಜೆಗೆ ಕಸ್ತೂರಿ ಅವಳಿಗೆ ಕನ್ನಡ, ಲೆಕ್ಕ ಹೇಳಿಕೊಡುವಳು. ನಬಿಸಾಬರಿಗೆ ಉರ್ದು ಓದಲು ಬರುತ್ತಿತ್ತು, ಕನ್ನಡ ಬರುತ್ತಿರಲಿಲ್ಲ. ಕರೆಂಟು ಬಿಲ್ಲು, ರೇಷನ್ನಿನ ಚೀಟಿ, ಏನೇ ಕಾಗದ ಬಂದರೂ ಅದು ನೆಟ್ಟಗೆ ಕಸ್ತೂರಿಯ ಬಾಗಿಲಿಗೆ ಬರುತ್ತಿತ್ತು. ಒಂದು ವರ್ಷ ತುಂಬುವುದರೊಳಗೆ 'ಸಿಸ್ಟರ್ ಬಾಯಾರ' ಹೋಗಿ ಬರೀ 'ಕಸ್ತೂರಿ' ಆಯಿತು, ಆಮೇಲೆ 'ಬೇಟಿ' ಆಯಿತು. ಇವಳ ಬಾಯಲ್ಲಿ ಅವರು ಚಾಚಾ, ಚಾಚಿ. ಭೂಮಿಕಾಳಿಗಂತೂ ಸರ್ವರಬೇಗಂ ನಾನಿಯೇ. ಅಬ್ಬೆತುಮಕೂರಿನ ತವರಿನಿಂದ ತಾಯಿ ಬಂದಾಗ, "ನಿನ್ನ ಮಗಳು ನನಗಿಂತ ಆಕೀನ್ನ ಹೆಚ್ಚು ಹಚಗೊಂಡಾಳಲ್ಲೇ," ಎಂದು ಸಿಟ್ಟು ಮಾಡಿಕೊಂಡದ್ದೂ ಉಂಟು.

ಆರು ವರ್ಷ ಹೀಗೆ ಹೋಯಿತು. ವಿಶ್ವರಾಧ್ಯನಿಗೂ ಶಹಾಪುರಕ್ಕೆ ವರ್ಗವಾಯಿತು. ಸ್ವಂತದ್ದೊಂದು ಮನೆ ಕಟ್ಟೋಣವೆಂದು ಗಂಡ ಹೆಂಡತಿ ಊರ ಹೊರಗಿನ ಲೇಔಟುಗಳನ್ನು ನೋಡಲು ಶುರುಮಾಡಿದರು. ಅದನ್ನು ಕೇಳಿದ ನಬಿಸಾಬರ ಮುಖ ಸಣ್ಣದಾಯಿತು.

"ಅಷ್ಟು ದೂರ ಯಾಕ ಹೋಗ್ತಿ ಬೇಟಿ? ಎದರಿನ ಭಾಗಣ್ಣನ ದೊಡ್ಡಿ ಮಾರಾಕಿಟ್ಟಾನ. ನಾ ಮಾತಾಡ್ತೀನಿ ತಡಿ."

ಭಾಗಣ್ಣನ ದನದ ದೊಡ್ಡಿಗೆ ಆಗಲೇ ಯಾದಗಿರಿಯ ವ್ಯಾಪಾರಿಯೊಬ್ಬ ಹೆಚ್ಚಿನ ಬೆಲೆ ಹೇಳಿ ಹೋಗಿದ್ದ. ನಬಿಸಾಬರು ಒಂದು ದಿನ ಮಷೀನು ಬಂದ್ ಮಾಡಿ, ಮುಂಜಾನೆಯಿಂದ ಭಾಗಣ್ಣನ ಕಟ್ಟೆಯ ಮೇಲೆ ಕೂತರು. ಮಧ್ಯಾಹ್ನ ಊಟಕ್ಕೆ ಕರೆದರೂ ಏಳಲಿಲ್ಲ. "ಹೊರಗಿನಾಂವ ಬಂದು ಗೋಡಾನ ಕಟ್ತಾನ, ಬೀಗ ಹಾಕ್ಕೊಂಡು ಹೋಗ್ತಾನ. ಈಕಿ ನಮ್ಮ ಓಣಿ ಮಗಳು. ನಾಳಿಗಿ ನಿನಗ ಸೂಜಿ ಮಾಡ್ಬೇಕಾದ್ರ ಯಾರ್ ಬರ್ತಾರ, ಗೋಡಾನ ಬರ್ತದೇನು?" ಎಂದು ಕೇಳಿದರಂತೆ. ಭಾಗಣ್ಣ ನಕ್ಕು ಒಪ್ಪಿಕೊಂಡ.

ಮನೆ ಏಳುವಾಗ ಕಸ್ತೂರಿ ಡ್ಯೂಟಿಯಲ್ಲಿ, ವಿಶ್ವರಾಧ್ಯ ಶಾಲೆಯಲ್ಲಿ. ಹಸಿ ಗೋಡೆಗೆ ಮೂರು ಹೊತ್ತು ನೀರು ಹೊಡೆದವರು ನಬಿಸಾಬ ದಂಪತಿಗಳು. ಸಿಮೆಂಟಿನ ಚೀಲ ಎಣಿಸಿಕೊಂಡವರು ಅವರು, ಗೌಂಡಿಗಳಿಗೆ ಚಹಾ ಕಾಸಿಕೊಟ್ಟವರು ಅವರು. ಎರಡಂತಸ್ತಿನ ಮನೆ. ಓಣಿಯಲ್ಲಿ ಮೊದಲ ಎರಡಂತಸ್ತು ಅದೇ. ಗೃಹಪ್ರವೇಶದ ದಿನ ನಬಿಸಾಬರು ತಾವೇ ಹೊಲಿದ ಎರಡು ಹೊಸ ಗಾದಿ ಹೊತ್ತು ತಂದು ಮೇಲಿನ ಕೋಣೆಯಲ್ಲಿ ಹಾಸಿ, ಕೈಯಿಂದ ಒತ್ತಿ ಒತ್ತಿ ನೋಡಿ, ಕೆಳಗಿಳಿದು ಬಂದಿದ್ದರು.

ಕಸ್ತೂರಿಗೆ ಆಮೇಲೆ ಎಷ್ಟೋ ಸಲ ಅನ್ನಿಸಿದ್ದಿದೆ: ಆ ಎರಡಂತಸ್ತಿನ ಮನೆ ನೋಡಿದ ಮೇಲೆಯೇ ಉಳಿದವರಿಗೆ ಗಾದಿ ಓಣಿ ಕಣ್ಣಿಗೆ ಬಿದ್ದದ್ದು. ಕಾಲುವೆ ನೀರಿನಿಂದ ಭತ್ತ, ಹತ್ತಿಯ ದುಡ್ಡು ಊರಿಗೆ ಬರುತ್ತಿತ್ತು. ಯಾದಗಿರಿ ಜಿಲ್ಲೆಯಾದ ಮೇಲೆ ಸುತ್ತಲ ತಾಲೂಕುಗಳಲ್ಲೂ ಜಾಗದ ಬೆಲೆ ಏರಿತ್ತು. ಬಸ್ ನಿಲ್ದಾಣಕ್ಕೆ ಐದು ನಿಮಿಷದ ದಾರಿ, ಎದುರಿಗೆ ಮಲಗಿದ ಬುದ್ಧನ ಆಕಾರದ ಬೆಟ್ಟ ಕಾಣುವ ಜಾಗ. ನರ್ಸು, ಮಾಸ್ತರರು ಕಟ್ಟಿದ್ದಾರೆಂದರೆ ಒಳ್ಳೆಯ ಓಣಿಯೇ ಇರಬೇಕು ಎಂದುಕೊಂಡು ಹತ್ತಿ ವ್ಯಾಪಾರಿಯೊಬ್ಬ ಬಂದ, ಕೋಚಿಂಗ್ ಕ್ಲಾಸಿನವರು ಬಂದರು, ಕಾಂಟ್ರಾಕ್ಟರ್ ಅಂಬಣ್ಣ ಬಂದ. ಗಾದಿ ಹೊಲಿಯುತ್ತಿದ್ದ ಉಳಿದೆರಡು ಮನೆಯವರು ಮಾರಿಕೊಂಡು ಹೋದರು. ಮಣ್ಣಿನ ರಸ್ತೆ ಸಿಮೆಂಟಿನದಾಯಿತು, ತೆರೆದ ಗಟಾರದ ಮೇಲೆ ಕಲ್ಲು ಮುಚ್ಚಿದರು. ಅದು ಬೇಕಾಗಿತ್ತು ಕೂಡ. ಮಳೆಗಾಲದಲ್ಲಿ ಭೂಮಿಕಾ ಆ ಗಟಾರದಲ್ಲಿ ಎರಡು ಸಲ ಬಿದ್ದಿದ್ದಳು.

ಅಂಬಣ್ಣ ಮಾತಿನಲ್ಲಿ ಬಲು ಮೃದು. ಎಲ್ಲರನ್ನೂ ಕರೆದು, ಚಹಾ ಫರಾಳ ಕೊಟ್ಟು, ಒಂದು ಕ್ಷೇಮಾಭಿವೃದ್ಧಿ ಸಂಘ ಮಾಡಿದ. ಓಣಿಯ ಬಾಯಿಗೆ 'ಶಾಂತಿ ನಗರ' ಎಂಬ ಕಮಾನು ಎದ್ದಿತು. ಕಮಾನಿನ ಎರಡೂ ಕಡೆ ಕ್ಯಾಮೆರಾ. ಸಂಘದ ಸಭೆಗೆ ನಬಿಸಾಬರನ್ನು ಯಾರೂ ಬರಬೇಡ ಎನ್ನಲಿಲ್ಲ; ಸಭೆಯ ಸುದ್ದಿ ಬರುತ್ತಿದ್ದುದು ಫೋನಿನ ಗುಂಪಿನಲ್ಲಿ, ನಬಿಸಾಬರ ಹತ್ತಿರ ಅಂಥ ಫೋನೇ ಇರಲಿಲ್ಲ. ಅವರಿಗೆ ಹೇಳಬೇಕೆಂದು ಕಸ್ತೂರಿ ಮೊದಲೆರಡು ಸಲ ನೆನಪಿಟ್ಟುಕೊಂಡಳು. ಮೂರನೆಯ ಸಲ ಮರೆತಳು.

ಭೂಮಿಕಾಳಿಗೆ ಎಂಟು ವರ್ಷ ತುಂಬಿದ ಚಳಿಗಾಲದಲ್ಲಿ ಕೆಮ್ಮು ಹಿಡಿಯಿತು. ಬರೀ ಕೆಮ್ಮಲ್ಲ, ಎದೆಯಲ್ಲಿ ಸುಂಯ್ ಸುಂಯ್ ಸಪ್ಪಳ. ಕಲಬುರಗಿಗೆ ಕರೆದೊಯ್ದು ತೋರಿಸಿದರು. ಉಬ್ಬಸವೆಂದು ಹೇಳಿ ಡಾಕ್ಟರು ಬಾಯಿಗೆ ಹೊಡೆದುಕೊಳ್ಳುವ ಪಂಪು ಬರೆದುಕೊಟ್ಟರು. "ಮನೆಯ ಹತ್ತಿರ ಧೂಳು ಗೀಳು ಇದೆಯೇ?" ಎಂದೂ ಕೇಳಿದರು. ಕಸ್ತೂರಿ ಉತ್ತರ ಕೊಡುವ ಮೊದಲೇ ವಿಶ್ವರಾಧ್ಯ, "ಎದರಿನ ಮನ್ಯಾಗ ಅರಳಿ ಹಿಂಜ್ತಾರ್ರಿ," ಎಂದ. ಡಾಕ್ಟರು ತಲೆಯಾಡಿಸಿದರು.

ಅಂದಿನಿಂದ ಕಸ್ತೂರಿ ಬೀದಿ ಕಡೆಯ ಕಿಟಕಿ ಮುಚ್ಚಿದಳು. ಕಿಟಕಿಯ ಸರಳಿನ ಮೇಲೆ ಬೆರಳಾಡಿಸಿದರೆ ಬಿಳಿಯ ನವಿರು ಅಂಟುತ್ತಿತ್ತು. ಚಾಚಾನಿಗೆ ಹೇಳಬೇಕು, ಮಷೀನನ್ನು ಹಿಂದಿನ ಕೋಣೆಗೆ ಹಾಕಿಕೊಳ್ಳಿ ಎನ್ನಬೇಕು ಎಂದು ದಿನಾ ಅಂದುಕೊಳ್ಳುವಳು. ಎದುರಿಗೆ ಸಿಕ್ಕಾಗ ಬಾಯಿ ಬರುತ್ತಿರಲಿಲ್ಲ. ಮೊದಲ ದಿನವೇ ಅವರು ಎಚ್ಚರಿಸಿದ್ದರಲ್ಲ! ಅದೂ ಅಲ್ಲದೆ ಭೂಮಿಕಾಳಿಗೆ ಕೆಮ್ಮು ಬಂದಾಗಲೆಲ್ಲ ಸರ್ವರಬೇಗಂ ಜ್ಯೇಷ್ಠಮಧು ಕುದಿಸಿದ ಕಷಾಯ ಹಿಡಿದು ಓಡಿ ಬರುವವಳು. ಅವಳಿಗೆ, ನಿಮ್ಮ ಅರಳೆಯಿಂದಲೇ ನನ್ನ ಮಗಳಿಗೆ ಹೀಗಾಗಿದೆ ಎಂದು ಹೇಗೆ ಹೇಳುವುದು? ನಾಳೆ ಹೇಳೋಣ, ಬರುವ ವಾರ ಹೇಳೋಣ ಎನ್ನುವುದರಲ್ಲಿ ವರ್ಷವೇ ಕಳೆಯಿತು.

ಒಂದು ರವಿವಾರ ಮುಂಜಾನೆ ಅಂಬಣ್ಣ ಅರ್ಜಿ ಹಿಡಿದು ಬಂದ. ವಸತಿ ಓಣಿಯಲ್ಲಿ ಅರಳೆ ಹಿಂಜುವ ಮಷೀನು ನಡೆಯುತ್ತಿದೆ, ಸಪ್ಪಳ ಮತ್ತು ಧೂಳಿನಿಂದ ನಿವಾಸಿಗಳಿಗೆ ತೊಂದರೆಯಾಗಿದೆ, ಬೇರೆಡೆಗೆ ಸ್ಥಳಾಂತರಿಸಬೇಕು. ಅಷ್ಟೇ ಇತ್ತು. ಕೆಳಗೆ ಆಗಲೇ ಮೂರು ಸಹಿ.

"ನಾವ್ಯಾರೂ ಅವರ ಹೊಟ್ಟಿ ಮ್ಯಾಲ ಹೊಡಿಯಾವ್ರಲ್ರಿ," ಎಂದ ಅಂಬಣ್ಣ. "ಮಷೀನ್ ಒಂದು ಊರ ಹೊರಗ ಹೋತಂದ್ರ ಸಾಕು. ಮನಿ ಇಲ್ಲೇ ಇರ್ಲಿ. ನೀವು ದವಾಖಾನಿಯವ್ರು, ನಿಮ್ಮ ಮಾತಿಗಿ ತೂಕ ಜಾಸ್ತಿ. ಆರೋಗ್ಯದ ಬಗ್ಗೆ ಒಂದು ಸಾಲು ಬರದು ಬಿಡ್ರಿ."

ಒಳಗೆ ಭೂಮಿಕಾ ಕೆಮ್ಮುತ್ತಿದ್ದಳು. ವಿಶ್ವರಾಧ್ಯ ಹೆಂಡತಿಯ ಮುಖ ನೋಡಿದ. ಕಸ್ತೂರಿ ಪೆನ್ನು ತೆಗೆದುಕೊಂಡಳು. 'ಅರಳೆಯ ಧೂಳಿನಿಂದ ಮಕ್ಕಳಲ್ಲಿ ಉಬ್ಬಸ ಉಂಟಾಗುತ್ತಿರುವುದು ನನ್ನ ಗಮನಕ್ಕೆ ಬಂದಿದೆ' ಎಂದು ದುಂಡಗಿನ ಅಕ್ಷರದಲ್ಲಿ ಬರೆದು, ಕೆಳಗೆ ಹೆಸರು, ಹುದ್ದೆ ಹಾಕಿ ಸಹಿ ಮಾಡಿದಳು. ತಾನು ಬಾಯಿಬಿಟ್ಟು ಹೇಳಲಾರದ ಮಾತನ್ನು ಕಾಗದ ಹೇಳಿಬಿಡುತ್ತದಲ್ಲ ಎಂದು ಆ ಗಳಿಗೆಯಲ್ಲಿ ಅವಳಿಗೆ ಒಂಥರಾ ಹಗುರೆನಿಸಿತು. ಅದನ್ನು ನೆನೆದರೆ ಈಗ ನಾಚಿಕೆಯಾಗುತ್ತದೆ.

ಎರಡು ವಾರದ ಮೇಲೆ, ಅವಳು ಡ್ಯೂಟಿ ಮುಗಿಸಿ ಬಂದು ಕೈಕಾಲು ತೊಳೆಯುತ್ತಿದ್ದಾಗ ನಬಿಸಾಬರು ಬಾಗಿಲಿಗೆ ಬಂದರು. ಕೂದಲು, ಹುಬ್ಬಿನ ಮೇಲೆ ಅರಳೆಯ ಎಳೆ. ಕೈಯಲ್ಲಿ ಉದ್ದನೆಯ ಲಕೋಟೆ. ಉಮೆಸಲ್ಮಾಳನ್ನು ಸುರಪುರದ ರಂಗಂಪೇಟೆಗೆ ಕೊಟ್ಟು ಆಗಲೇ ವರ್ಷವಾಗಿತ್ತು; ಮನೆಯಲ್ಲಿ ಕನ್ನಡ ಓದುವವರು ಯಾರೂ ಇರಲಿಲ್ಲ.

"ನಗರಸಭೆದ ಕಾಗದ ಬಂದದ ಬೇಟಿ. ಏನ್ ಬರದಾರ ನೋಡು."

ಕಸ್ತೂರಿ ಒದ್ದೆ ಕೈ ಒರೆಸಿಕೊಂಡು ಬಿಚ್ಚಿದಳು. ಮೊದಲ ಹಾಳೆ ನೋಟೀಸು. ಎರಡನೆಯದು ಅರ್ಜಿಯ ನಕಲು. ಹನ್ನೊಂದು ಸಹಿ, ನಾಲ್ಕನೆಯದು ಅವಳದು, ಅದರ ಮೇಲೆ ಅವಳದೇ ದುಂಡಗಿನ ಸಾಲು. ಅದನ್ನು ಹಿಂದಕ್ಕೆ ಸರಿಸಿ ಮೊದಲ ಹಾಳೆಯನ್ನು ಓದಿದಳು. ಪರವಾನಗಿ ಇಲ್ಲದೆ ವಸತಿ ಪ್ರದೇಶದಲ್ಲಿ ಯಂತ್ರ ನಡೆಸುತ್ತಿರುವುದರಿಂದ ಹದಿನೈದು ದಿನದೊಳಗೆ ತೆರವು ಮಾಡತಕ್ಕದ್ದು.

"ಮಷೀನ್ ತಗೀಬೇಕಂತ, ಚಾಚಾ. ಹದಿನೈದು ದಿನದಾಗ."

ನಬಿಸಾಬರು ಕಟ್ಟೆಯ ಮೇಲೆ ಕೂತರು. "ಎಲ್ಲಿಗಿ ಒಯ್ಯಬೇಕಂತ?"

"ಅದು ಬರದಿಲ್ರಿ."

"ಹಿಂದಿನ ಹಾಳಿ ಏನದು?"

"ಅದು… ಓಣಿಯವ್ರು ಕೊಟ್ಟ ಅರ್ಜಿ."

"ಯಾರ್ ಯಾರು ಕೊಟ್ಟಾರ?"

ಕಸ್ತೂರಿ ಹಾಳೆಯನ್ನು ಬೆಳಕಿಗೆ ಹಿಡಿದಳು. "ಅಂಬಣ್ಣನವ್ರದು ಅದ… ಹತ್ತಿ ವ್ಯಾಪಾರದವ್ರದು… ಇನ್ನಾ ಮೂರ್ನಾಲ್ಕು ಮಂದಿದು. ಝೆರಾಕ್ಸ್ ಮಬ್ಬಾಗ್ಯಾದ, ಚಾಚಾ, ಸಹಿ ಸರಿ ಕಾಣವಲ್ದು."

ನಬಿಸಾಬರು ಕೈ ಚಾಚಿದರು. ಕಾಗದವನ್ನು ಇಸಿದುಕೊಂಡು ಬಹಳ ಹೊತ್ತು ನೋಡಿದರು. ಆಮೇಲೆ ಮಡಚಿ ಜೇಬಿಗಿಟ್ಟು, "ಕೂಸಿನ ಕೆಮ್ಮು ಹ್ಯಾಂಗದ?" ಎಂದು ಕೇಳಿದರು. ಪರವಾ ಇಲ್ಲರಿ ಎಂದಳು. ಅವರು ಎದ್ದು ಹೋದರು.

ಇವತ್ತು ಸಂಜೆ ಹೋಗಿ ಹೇಳಿಬಿಡುತ್ತೇನೆ ಎಂದುಕೊಂಡಳು. ಸಂಜೆ ಸರ್ವರಬೇಗಂ ಅಂಗಳದಲ್ಲಿ ಸುಮ್ಮನೆ ಕೂತಿದ್ದು ಮೇಲಿನ ಕಿಟಕಿಯಿಂದ ಕಂಡಿತು, ಹೋಗಲಿಲ್ಲ. ಮರುದಿನ ಯಾರದೋ ಬದಲಿಗೆ ಹೆಚ್ಚಿನ ಡ್ಯೂಟಿ ಕೇಳಿ ಹಾಕಿಸಿಕೊಂಡಳು. ದವಾಖಾನೆಯಲ್ಲಿ ಹೆರಿಗೆ ವಾರ್ಡಿನ ಗದ್ದಲದಲ್ಲಿ ಎಲ್ಲ ಮರೆಯುತ್ತಿತ್ತು. ಕಮಾನಿನ ಕೆಳಗೆ ಬಂದೊಡನೆ ಎಲ್ಲ ನೆನಪಾಗಿ, ಎದುರು ಮನೆಯ ಕಡೆ ನೋಡದೆ ಒಳಸೇರುತ್ತಿದ್ದಳು. ಒಂಬತ್ತನೆಯ ದಿನ ಮಷೀನಿನ ಸಪ್ಪಳ ಕೇಳಲಿಲ್ಲ. ನೋಟೀಸಿನ ಗಡುವಿಗೆ ಇನ್ನೂ ಆರು ದಿನವಿತ್ತು. ಮನೆಯನ್ನೇ ಅಂಬಣ್ಣನಿಗೆ ಕೊಟ್ಟು, ಮುಂಗಡ ಹಿಡಿದಿದ್ದಾರೆ, ಮಗಳ ಊರು ಸುರಪುರಕ್ಕೆ ಹೋಗುತ್ತಾರೆ ಎಂದು ಸುದ್ದಿ ಬಂತು.

"ಮಷೀನ್ ಒಂದೇ ಅಂದಿದ್ರಲ್ರಿ," ಎಂದು ಕಸ್ತೂರಿ ಅಂಬಣ್ಣನನ್ನು ಕೇಳಿದಳು.

"ನಾ ಕೇಳೇ ಇಲ್ರಿ ಬಾಯಾರ. ಅವರೇ ಬಂದು, ತಗೋತೀರೇನು ಅಂದ್ರು. ನಾ ಬಿಟ್ಟಿದ್ರ ಬ್ಯಾರೆ ಯಾರೋ ತಗೋತಿದ್ರು," ಎಂದ ಅವನು. ಅದು ಸುಳ್ಳೂ ಇರಲಿಲ್ಲ.

ಅವರು ಹೊರಡುವ ದಿನ ಕಸ್ತೂರಿಯದು ಎರಡನೆಯ ಪಾಳಿ. ಅವರಿಗೆ ಮುಖ ತೋರಿಸಲಾರದೆ ಅದನ್ನು ಬೆಳಗಿನ ಪಾಳಿಗೆ ಬದಲಿಸಿಕೊಂಡಳು. ಮಧ್ಯಾಹ್ನ ಮೂರಕ್ಕೆ ಮರಳಿದಾಗ ಎದುರು ಮನೆಯ ಬಾಗಿಲು ಹಾರುಹೊಡೆದಿತ್ತು, ಟೆಂಪೊ ಹೋಗಿ ಒಂದು ತಾಸಾಗಿತ್ತು. ಭೂಮಿಕಾ ಮೆಟ್ಟಿಲ ಮೇಲೆ ಕೂತು ಬಿಕ್ಕುತ್ತಿದ್ದಳು.

"ನಾನಿ ನಿನ್ನ ಕಾಯ್ದಳು," ಎಂದಳು ಹುಡುಗಿ. "ಟೆಂಪೊದವನಿಗಿ ಇನ್ನೈದು ನಿಮಿಷ, ಇನ್ನೈದು ನಿಮಿಷ ಅಂತ ನಿಲ್ಲಿಸಿದ್ಳು."

ಕಸ್ತೂರಿ ಮಗಳ ತಲೆ ಸವರಿದಳು.

ನಬಿಸಾಬರ ಮನೆ ಕೆಡವಲು ಎರಡು ದಿನ ಸಾಕಾಯಿತು. ಅಲ್ಲೀಗ ನಾಲ್ಕಂತಸ್ತು; ಕೆಳಗೆ ಕಾರು ನಿಲ್ಲಿಸುವ ಜಾಗ, ಮೇಲೆ ಬಾಡಿಗೆ ಮನೆಗಳು, ಮಹಡಿಯ ನೆತ್ತಿಯಲ್ಲಿ ಕೆಂಪು ಗಾಜಿನ ಕೋಣೆ. ಬೆಟ್ಟ ಈಗ ಕಸ್ತೂರಿಯ ಮನೆಯಿಂದ ಕಾಣುವುದಿಲ್ಲ. ಭೂಮಿಕಾಳ ಕೆಮ್ಮು ಆ ವರ್ಷ ಚಳಿಗಾಲದಲ್ಲಿ ಸ್ವಲ್ಪ ತಗ್ಗಿತು, ಮರುವರ್ಷ ಮತ್ತೆ ಏರಿತು. ಅರಳೆಯಿಂದಲೇ ಬಂದಿತ್ತೋ, ಅರಳೆಯಿಂದಲೂ ಬಂದಿತ್ತೋ, ಇಪ್ಪತ್ತು ವರ್ಷ ರೋಗಿಗಳನ್ನು ಕಂಡ ಕಸ್ತೂರಿಗೆ ಇಂದಿಗೂ ಖಾತ್ರಿಯಿಲ್ಲ. ಖಾತ್ರಿ ಇರುವುದು ಒಂದೇ ಮಾತು. ಕೂಸಿಗೆ ತ್ರಾಸಾಗುತ್ತಿದೆ ಎಂದು ಒಂದು ಸಲ ಬಾಯಿಬಿಟ್ಟು ಹೇಳಿದ್ದರೆ, ನಬಿಸಾಬರು ಅಂದೇ ಮಷೀನು ಕಿತ್ತು ಹಿಂದಕ್ಕೆ ಹಾಕಿಕೊಳ್ಳುತ್ತಿದ್ದರು.

ಭೂಮಿಕಾ ಆರನೆಯ ಇಯತ್ತೆಯಲ್ಲಿದ್ದಾಗ ಒಂದು ದಿನ ಶಾಲೆ ಮಧ್ಯಾಹ್ನಕ್ಕೇ ಬಿಟ್ಟಿತು. ವಿಶ್ವರಾಧ್ಯ ತರಬೇತಿಗೆಂದು ಯಾದಗಿರಿಗೆ ಹೋಗಿದ್ದ. ಕಸ್ತೂರಿ ಹೆರಿಗೆ ವಾರ್ಡಿನಲ್ಲಿ, ಫೋನು ಬೀರುವಿನಲ್ಲಿ. ಹುಡುಗಿಯ ಕೀಲಿ ಬೇರೆ ಚೀಲದಲ್ಲಿ ಉಳಿದಿತ್ತು, ಪಂಪು ಮನೆಯೊಳಗೆ. ಒಂದು ಗಂಟೆಯಿಂದ ನಾಲ್ಕರವರೆಗೆ ಅವಳು ಬಿಸಿಲಿನ ಮೆಟ್ಟಿಲ ಮೇಲೆ ಕೂತಳು. ಮೊದಲು ಕೆಮ್ಮು, ಆಮೇಲೆ ಏದುಸಿರು. ಓಣಿಯ ಬಾಯಲ್ಲಿ ತಗಡಿನ ಕೆಳಗೆ ರೊಟ್ಟಿ ಬಡಿದು ಮಾರುತ್ತಿದ್ದ ಹಣಮಂತಮ್ಮ ಒಲೆ ಆರಿಸಿ ಓಣಿಯೊಳಗಿನ ನಳಕ್ಕೆ ನೀರಿಗೆಂದು ಬಂದವಳು ಹುಡುಗಿಯನ್ನು ಕಂಡಳು. ನೀರು ಕುಡಿಸಿ, ಆಟೋ ಕರೆದು, ತೊಡೆಯ ಮೇಲೆ ಮಲಗಿಸಿಕೊಂಡು ನೆಟ್ಟಗೆ ದವಾಖಾನೆಗೇ ತಂದಳು.

ಮರುದಿನ ಅಂಬಣ್ಣ ಮರುಗಿಕೊಂಡು ಬಂದ. ಫೋನಿನಲ್ಲಿ ಕ್ಯಾಮೆರಾದ ಚಿತ್ರ ತೋರಿಸಿದ. "ನೋಡ್ರಿ ಬಾಯಾರ, ಎಲ್ಲಾ ರೆಕಾರ್ಡ್ ಆಗ್ಯಾದ. ನಮ್ಮ ಕ್ಯಾಮೆರಾ ಎಷ್ಟು ಸ್ಪಷ್ಟ ಅದ ನೋಡ್ರಿ." ಕಸ್ತೂರಿ ನೋಡಿದಳು. ಮೂಲೆಯಲ್ಲಿ ಚಿಕ್ಕದಾಗಿ ಮಗಳು. ಒಂದು ಕಾರು ಬಂತು, ಗೇಟು ತೆರೆಯಿತು, ಮುಚ್ಚಿತು. ಎರಡು ಸ್ಕೂಟರು ಹೋದವು. ಪಕ್ಕದ ಮನೆಯ ಹೆಂಗಸು ಬಾಲ್ಕನಿಗೆ ಬಂದು ಬಟ್ಟೆ ತೆಗೆದುಕೊಂಡು ಒಳಹೋದಳು. ಯಾರೂ ಕೆಟ್ಟವರಲ್ಲ. ಯಾರಿಗೂ ಆ ಹುಡುಗಿ ಯಾರ ಮಗಳೆಂದು ಗೊತ್ತಿರಲಿಲ್ಲ, ಅಷ್ಟೇ. ಕಸ್ತೂರಿ ಫೋನು ಮರಳಿ ಕೊಟ್ಟು, ಒಳಗೆ ಹೋಗಿ ಅತ್ತಳು.

ಆ ವಾರದ ರಜೆಯಂದು ಸುರಪುರದ ಬಸ್ಸು ಹತ್ತಿದಳು. ರಂಗಂಪೇಟೆಯಲ್ಲಿ ಉಮೆಸಲ್ಮಾಳ ಗಂಡನ ಹೆಸರು ಹೇಳಿ ಕೇಳುತ್ತ ಹೋದಾಗ ಸಿಕ್ಕಿದ್ದು ಸಣ್ಣದೊಂದು ಬಾಡಿಗೆ ಮನೆ. ಸರ್ವರಬೇಗಂ ಬಾಗಿಲಲ್ಲಿ ಅಕ್ಕಿ ಆರಿಸುತ್ತಿದ್ದಳು. ತಲೆಯೆತ್ತಿ ನೋಡಿ, ಸೆರಗು ಸರಿಮಾಡಿಕೊಂಡು ಎದ್ದು ನಿಂತಳು.

"ಬರ್ರಿ ಸಿಸ್ಟರ್ ಬಾಯಾರ, ಒಳಗ ಬರ್ರಿ. ಕುಂದರ್ರಿ."

ಚಾಪೆ ಹಾಸಿದಳು, ಚಹಾ ಕಾಸಿದಳು, ಭೂಮಿಕಾಳ ಎತ್ತರ ಎಷ್ಟಾಗಿದೆ, ಶಾಲೆ ಹೇಗಿದೆ ಎಂದೆಲ್ಲ ಕೇಳಿದಳು. ಯಾವುದರಲ್ಲೂ ಕೊರತೆಯಿರಲಿಲ್ಲ. 'ಬೇಟಿ' ಎಂಬ ಒಂದು ಮಾತು ಮಾತ್ರ ಬರಲಿಲ್ಲ. ಕಸ್ತೂರಿ ಪ್ರತಿ ಮಾತಿನ ಕೊನೆಗೂ ಅದಕ್ಕಾಗಿ ಕಾದಳು.

ನಬಿಸಾಬರು ಮಧ್ಯಾಹ್ನ ಊಟಕ್ಕೆ ಬಂದರು. ಮಷೀನು ಗುಜರಿಗೆ ಹೋಗಿತ್ತು. ಈಗ ಯಾರದೋ ಫೋಮ್ ಗಾದಿಯ ಅಂಗಡಿಯಲ್ಲಿ ಹೊದಿಕೆ ಹೊಲಿಯುವ ಕೆಲಸವಂತೆ. ಅವರ ಹುಬ್ಬಿನ ಮೇಲೆ ಈಗ ಏನೂ ಇರಲಿಲ್ಲ. ಕಸ್ತೂರಿ ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದ ಮಾತೆಲ್ಲ ಚೆಲ್ಲಾಪಿಲ್ಲಿಯಾಗಿ, ಒಂದೇ ಉಸಿರಿಗೆ ಹೇಳಿದಳು.

"ಚಾಚಾ, ಆ ಅರ್ಜಿ ಮ್ಯಾಲ ನಂದೂ ಸಹಿ ಇತ್ತು. ಓದಿ ಹೇಳಲಿಲ್ಲ ನಾ."

ನಬಿಸಾಬರು ಚಹಾದ ಬಟ್ಟಲು ಕೆಳಗಿಟ್ಟರು.

"ಗೊತ್ತಿತ್ತು," ಎಂದರು.

"ಯಾರ್ ಹೇಳಿದ್ರು?"

"ಯಾರೂ ಹೇಳಿಲ್ಲ. ಕಾಗದ ಕೈಯಾಗ ಹಿಡದು ನೋಡಿದಾಗೇ ಗೊತ್ತಾತು. ನನಗ ಕನ್ನಡ ಓದಾಕ ಬರಂಗಿಲ್ಲ ಖರೇ. ಆದ್ರ ನಿಮ್ಮ ಅಕ್ಷರದ ಗುರ್ತು ಸಿಗಂಗಿಲ್ಲೇನ್ರಿ? ಉಮೆಸಲ್ಮಾನ ಸಾಲಿ ಫಾರಂ ಎಲ್ಲಾ ನೀವೇ ತುಂಬತಿದ್ರಿ, ಸಾಕ್ಷಿ ಅಂತ ಸಹಿ ಮಾಡ್ತಿದ್ರಿ. ಒಯ್ದು ಕೊಡಾಂವ ನಾನು. ಎಷ್ಟ್ ಛಂದ ಬರದಾಳ ಅಂತ ದಾರ್ಯಾಗ ತಗದು ತಗದು ನೋಡ್ತಿದ್ದೆ."

ಕಸ್ತೂರಿ, "ಅವತ್ತೇ ಕೇಳಬೇಕಿತ್ತು ನೀವು. ಬೈಬೇಕಿತ್ತು," ಎಂದಳು.

"ನೀವೇ ಬಂದು ಹೇಳ್ತೀರಿ ಅಂತ ತಿಳಕೊಂಡಿದ್ದೆ. ಎಂಟು ದಿನ ಕಾಯ್ದೆ. ನಮ್ಮಕಿನೂ ಕಾಯ್ದಳು." ಅವರ ದನಿಯಲ್ಲಿ ಸಿಟ್ಟಿರಲಿಲ್ಲ. "ಕೂಸಿಗಿ ತ್ರಾಸ್ ಆದ್ರ ಯಾರರೆ ಸಹಿ ಮಾಡ್ತಾರ. ನಾನರೆ ಮಾಡ್ತಿದ್ದೆ. ಅದಕ್ಕ ಬ್ಯಾಸರಾಗಿಲ್ಲ. ಆದ್ರ ಹೇಳಲಿಲ್ಲ ನೋಡ್ರಿ, ಅವಾಗ ಈ ಓಣ್ಯಾಗ ಇನ್ನ ನಂದೇನದ ಅನ್ನಿಸ್ತು."

ಸರ್ವರಬೇಗಂ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. ಊಟ ಮಾಡಿಕೊಂಡೇ ಹೋಗಬೇಕು ಎಂದು ಒತ್ತಾಯ ಮಾಡಿದಳು. ಕಸ್ತೂರಿ ಉಂಡಳು. ತಾಟಿನಲ್ಲಿ ಒಂದಗುಳೂ ಬಿಡಲಿಲ್ಲ. ಶಹಾಪುರಕ್ಕೆ ಬಂದುಹೋಗಿರಿ, ಭೂಮಿಕಾ ನೆನೆಸುತ್ತಾಳೆ ಎಂದಳು. "ಬರೋಣ್ರಿ, ನೋಡೋಣ," ಎಂದರು ನಬಿಸಾಬರು. ಬರುವುದಿಲ್ಲವೆಂದು ಮೂವರಿಗೂ ಗೊತ್ತಿತ್ತು.

ಮರುತಿಂಗಳ ಸಂಘದ ಸಭೆಯಲ್ಲಿ ಇನ್ನೊಂದು ಅರ್ಜಿ ಹೊರಬಂತು. ಕಮಾನಿನ ಬುಡದಲ್ಲೇ ರೊಟ್ಟಿಯ ಅಂಗಡಿ, ಒಲೆಯ ಹೊಗೆ, ಸಂಜೆ ಕುಡಿದವರೂ ಬಂದು ಕೂಡುತ್ತಾರೆ, ಕಾರು ತಿರುಗಿಸಲು ಜಾಗವಿಲ್ಲ. ಅಂಬಣ್ಣ ಕಾಗದವನ್ನು ಕಸ್ತೂರಿಯ ಮುಂದಿಟ್ಟ.

"ಹೊಗಿ ಅಂದ್ರ ನಿಮ್ಮ ಮಗಳಿಗೂ ತ್ರಾಸೇ ಅಲ್ರೀ ಬಾಯಾರ," ಎಂದ.

"ನಾ ಮಾಡಂಗಿಲ್ರಿ," ಎಂದಳು ಕಸ್ತೂರಿ. ಅವಳ ದನಿ ಅವಳಿಗೇ ಜೋರಾಗಿ ಕೇಳಿಸಿತು. "ಆಕಿ ಹದಿನೈದು ವರ್ಷದಿಂದ ಅಲ್ಲಿ ರೊಟ್ಟಿ ಬಡೀತಾಳ. ನನ್ನ ಮಗಳನ್ನ ಬದುಕಿಸಿದಾಕಿ ಆಕಿ. ತ್ರಾಸಿದ್ರ ಹೋಗಿ ಮಾತಾಡ್ರಿ, ಒಲಿ ಬದಲು ಗ್ಯಾಸ್ ಕೊಡಸೋಣ. ಅರ್ಜಿ ಯಾಕ ಬೇಕು?"

ಯಾರೋ ಕೆಮ್ಮಿದರು. ಬಾಯಾರಿಗೆ ಅಭಿಮಾನ ಜಾಸ್ತಿ ಎಂದು ಅಂಬಣ್ಣ ನಗುತ್ತ ಕಾಗದವನ್ನು ಪಕ್ಕದವರಿಗೆ ಸರಿಸಿದ. ವಿಶ್ವರಾಧ್ಯ ಹೆಂಡತಿಯ ಮುಖ ನೋಡಿ ಅವನೂ ಸಹಿ ಮಾಡಲಿಲ್ಲ. ಉಳಿದ ಹದಿನೆಂಟು ಮನೆಯವರು ಮಾಡಿದರು.

ಹಣಮಂತಮ್ಮ ತಗಡು ಬಿಚ್ಚಿದ್ದು ಒಂದು ಬುಧವಾರ. ಕಸ್ತೂರಿ ಡ್ಯೂಟಿಗೆ ಹೊರಟವಳು ನಿಂತು, ಕೈಯಲ್ಲಿದ್ದ ಚೀಲವನ್ನು ಕಮಾನಿನ ಕಂಬಕ್ಕೊರಗಿಸಿ, ಹಿಟ್ಟು ನಾದುವ ಕೊಣಮಿಗೆಯ ಇನ್ನೊಂದು ತುದಿ ಹಿಡಿದಳು. ಇಬ್ಬರೂ ಸೇರಿ ಅದನ್ನು ತಳ್ಳುಗಾಡಿಯ ಮೇಲೆ ಇಟ್ಟರು. ಆಮೇಲೆ ಹಂಚು, ಹಿಟ್ಟಿನ ಡಬ್ಬಿ, ಕಟ್ಟಿಗೆಯ ಹೊರೆ.

"ಎಲ್ಲಿಗಿ ಹೊಂಟೀರಿ?" ಎಂದು ಕೇಳಿದಳು.

"ಎಲ್ಲೋ ಒಂದ್ ಕಡಿ ಕುಂದರ್ತೀನ್ರಿ. ಭೀಮರಾಯನಗುಡಿ ರೋಡಿಗಿ ಜಾಗಾ ಅದ ಅಂತಾರ, ನೋಡ್ಬೇಕು," ಎಂದು ಹಣಮಂತಮ್ಮ ಹಗ್ಗ ಬಿಗಿಯತೊಡಗಿದಳು. ಮುಖವೆತ್ತಲಿಲ್ಲ. "ಎಲ್ಲಾರೂ ಓದಿದಾವ್ರೇ ಇದ್ರಿ ಈ ಓಣ್ಯಾಗ. ಒಬ್ಬರರೆ ಬ್ಯಾಡ ಅನಬಾರದಿತ್ತೇನ್ರೀ ಬಾಯಾರ?"

ನಾನು ಸಹಿ ಮಾಡಿಲ್ಲ ಎಂಬ ಮಾತು ಕಸ್ತೂರಿಯ ತುಟಿಯವರೆಗೆ ಬಂತು. ಹೇಳಲಿಲ್ಲ. ಬಾಗಿ, ಕಟ್ಟಿಗೆಯ ಹೊರೆಗೆ ಹಗ್ಗದ ಇನ್ನೊಂದು ಗಂಟು ಹಾಕಿದಳು. ಗಾಡಿ ರಸ್ತೆ ದಾಟುವವರೆಗೂ ಹಿಂದಿನಿಂದ ತಳ್ಳಿದಳು, ಆಮೇಲೆ ಹೊತ್ತಾಯಿತೆಂದು ದವಾಖಾನೆಯ ಕಡೆಗೆ ಜೋರಾಗಿ ಹೆಜ್ಜೆ ಹಾಕಿದಳು.